ಪೂರ್ವಿಕರ ಮರಣಕಾರಣವೂ ಮನೆತನದ ಇತಿಹಾಸವೂ

ತಮ್ಮ ಮನೆತನದ ವಂಶಾವಳಿಯನ್ನು ಬರೆದಿಡಬೇಕೆಂಬ ಅಭಿಲಾಷೆಯು ನಮ್ಮ ಭಕ್ತಜನರಲ್ಲಿ ಅನೇಕರಿಗೆ ಉಂಟು. ಆದರೆ ಇಂತಹ ವಂಶಾವಳಿಗಳಲ್ಲಿ ಹೆಸರು, ಸಂಬಂಧ, ಹೊಲಮನೆಗಳ ವಿವರಗಳು ದೊರೆಯುವುವಲ್ಲದೆ, ಹಿರಿಯರು ಯಾವ ಕಾರಣದಿಂದ ದೇಹವನ್ನು ಬಿಟ್ಟರೆಂಬುದು ಬಹುಮಟ್ಟಿಗೆ ಕಾಣಬರುವುದಿಲ್ಲ. ‘ಲಿಂಗೈಕ್ಯರಾದರು’ ಎಂದು ಬರೆದರೆ ಬರೆಯತಕ್ಕದ್ದೆಲ್ಲವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಶ್ರದ್ಧೆಯ ದೃಷ್ಟಿಯಿಂದ ಆ ಮಾತು ಪೂರ್ಣವಾದುದೇ ಸರಿ. ಜೀವದ ಗತಿಯು ಅದರಲ್ಲಿ ಹೇಳಲ್ಪಟ್ಟಿದೆ. ಇತಿಹಾಸವು ಕೇಳುವುದಾದರೋ ದೇಹದ ಕಥೆಯನ್ನು. ಒಂದನ್ನು ಬರೆದುದರಿಂದ ಮತ್ತೊಂದಕ್ಕೆ ಲೋಪವೇನೂ ಬಾರದು.

ಮರಣಕಾರಣವನ್ನು ಬರೆದಿಡುವುದು ನಮ್ಮ ನಾಡಿಗೆ ಹೊಸದಲ್ಲ. ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು, ತುರುಗಳನ್ನು ಬಿಡಿಸುವಲ್ಲಿ ಸತ್ತವನಾರು, ಊರಳಿವಿನಲ್ಲಿ ಮಡಿದವನಾರು, ಹುಲಿಯೊಡನೆ ಹೋರಾಡಿ ಬಿದ್ದವನಾರು ಎಂಬುದನ್ನು ವಿಂಗಡಿಸಿ ಹೇಳುತ್ತವೆ. ಶ್ರವಣಬೆಳಗೊಳದ ಶಾಸನಗಳು ಸುಮಾರು ೭ನೆಯ ಶತಮಾನದಿಂದಲೂ ಸಲ್ಲೇಖನವ್ರತದಿಂದ ಮುಡಿಪಿದವರನ್ನು ಹೆಸರಿಸುತ್ತವೆ. ೧೦೫೭ರ ಬೆಳತೂರು ಶಾಸನವು, ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದುದಕ್ಕಾಗಿ ಅರಸನಿಂದ ಮರಣದಂಡನೆಗೆ ಗುರಿಯಾದ ಏಚನ ಕಥೆಯನ್ನೂ, ಅವನ ಹಿಂದೆ ಅಗ್ನಿಪ್ರವೇಶ ಮಾಡಿದ ದೇಕಬ್ಬೆಯ ಕಥೆಯನ್ನೂ ಒಂದೆಡೆಯಲ್ಲಿಯೇ ತಿಳಿಸುತ್ತದೆ. ಅಷ್ಟೇಕೆ, ೧೦ನೆಯ ಶತಮಾನದ ಆತಕೂರು ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ಯೆಂಬ ನಾಯಿಯ ಮರಣವೂ ಲಿಖಿತವಾಗಿದೆ. ನಾಯಿಯ ಮರಣಕಾರಣವನ್ನು ಸಾವಿರ ವರ್ಷ ಕಾಪಾಡಿದ ನಾಡಿನಲ್ಲಿ ನಮ್ಮ ಮುತ್ತಜ್ಜಿಯರು ಹೇಗೆ ತೀರಿಕೊಂಡರೆಂಬುದು ನಮಗೆ ತಿಳಿಯದಿರುವುದು ಯೋಚಿಸತಕ್ಕ ವಿಷಯವಾಗಿದೆ.

ಕಲ್ಲು ದೊರೆತುದು ವೀರರಿಗೆ, ವ್ರತಿಗಳಿಗೆ. ಜ್ವರದಿಂದ, ಹಸಿವಿನಿಂದ, ಹೆರಿಗೆಯಿಂದ ತೀರಿಹೋದ ಸಾಮಾನ್ಯರ ಸ್ಮರಣೆಯು ಮನೆಯವರ ಬಾಯಿಯಲ್ಲಿ ಮಾತ್ರ ಉಳಿದಿದೆ. ಎತ್ತಿನ ಮೇಲೆ ಬರುವ ಹೆಳವರು ಅನೇಕ ಮನೆತನಗಳ ತಲೆಮಾರುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹೆಸರುಗಳ ಸಾಲು ಅವರಿಂದ ದೊರೆತ ಮೇಲೆ, ಕಾರಣವನ್ನು ಮನೆಯ ಹಿರಿಯರಲ್ಲಿ, ವಿಶೇಷವಾಗಿ ವೃದ್ಧಸ್ತ್ರೀಯರಲ್ಲಿ ವಿಚಾರಿಸಬೇಕು.

ಹಿರಿಯರು ಇಸವಿಯನ್ನು ಹೇಳಲಾರರು, ಸಂವತ್ಸರವನ್ನು ಹೇಳುವರು. ‘ಧಾತು ಈಶ್ವರ ಬರದಲ್ಲಿ’ ಎಂದರೆ ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವೆಂದು ತಿಳಿಯಬೇಕು. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದುದರಿಂದಲೇ ಆ ವಿಪತ್ತಿನ ಪ್ರಮಾಣವನ್ನು ಊಹಿಸಬಹುದು. ವಿಳಂಬಿ ಸಂವತ್ಸರದಲ್ಲಿ, ಎಂದರೆ ೧೮೯೮ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲವನ್ನು ಹಿರಿಯರು ನೆನೆದರೆ ಆ ಜಾಡ್ಯವನ್ನೇ ಮೊದಲು ಸಂಶಯಿಸಬೇಕು. ಕಾಳಯುಕ್ತಿ ಸಂವತ್ಸರದ ಜ್ವರವೆಂದರೆ ೧೯೧೮ರ ಇನ್‌ಫ್ಲುಯೆಂಜಾ. ಅದು ಭರತಖಂಡದಲ್ಲಿ ಒಂದು ಕೋಟಿಗೂ ಮೇಲ್ಪಟ್ಟು ಜನರನ್ನು ಆಹುತಿ ತೆಗೆದುಕೊಂಡಿತು. ಪ್ರಾಯದಲ್ಲಿದ್ದ ಸ್ತ್ರೀಪುರುಷರನ್ನೇ ಅದು ಹೆಚ್ಚಾಗಿ ಬಾಧಿಸಿದುದರಿಂದ, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ತರುಣರು ತೀರಿಕೊಂಡಿದ್ದರೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆದರೆ ಸಂವತ್ಸರಚಕ್ರವು ಅರುವತ್ತು ವರ್ಷಗಳಿಗೊಮ್ಮೆ ತಿರುಗುತ್ತದೆಂಬುದನ್ನು ಮರೆಯಬಾರದು. ಬರಿಯ ‘ಧಾತು’ ಎಂದರೆ ೧೮೭೬ ಆಗಬಹುದು, ೧೯೩೬ ಸಹ ಆಗಬಹುದು. ಸತ್ತವರ ಮಕ್ಕಳ ವಯಸ್ಸನ್ನು ಕೇಳಿ ತಾಳೆ ನೋಡಿದಲ್ಲದೆ ಇಸವಿಯನ್ನು ಬರೆಯಬಾರದು.

ಇನ್ನು ರೋಗಗಳ ಹೆಸರಿನ ವಿಷಯ. ಇಲ್ಲಿಯೇ ಹೆಚ್ಚಿನ ಎಚ್ಚರಿಕೆಯು ಬೇಕಾದುದು. ‘ಅಮ್ಮ ಬಂದು ಹೋದಳು’ ಎಂದರೆ ಸಿಡುಬೆಂದು ಒಮ್ಮೆಗೇ ಬರೆಯುವವರುಂಟು. ಆದರೆ ದಡಾರವನ್ನೂ ಸೀತಾಳೆಯನ್ನೂ ನಮ್ಮವರು ಅಮ್ಮನೆಂದೇ ಕರೆದಿದ್ದಾರೆ. ‘ಸನ್ನಿ’ಯೆಂಬುದು ಜ್ವರವೇರಿ ಪ್ರಜ್ಞೆ ತಪ್ಪಿದ ಅವಸ್ಥೆಯ ಹೆಸರು, ಅದರ ಹಿಂದೆ ವಿಷಮಶೀತಜ್ವರವಿರಬಹುದು, ಬಾಣಂತಿಯ ನಂಜಿರಬಹುದು. ‘ಗಾಳಿ ಸೋಕಿತು’, ‘ಮಾಟವಾಯಿತು’ ಎಂಬ ಮಾತುಗಳನ್ನು ಅಜ್ಞಾನವೆಂದು ಹೊಡೆದುಹಾಕಬಾರದು. ಆ ಮನೆಯವರು ಸಾವನ್ನು ಹೇಗೆ ಗ್ರಹಿಸಿದರೆಂಬುದಕ್ಕೆ ಅವೇ ಆಧಾರ.

ಆದುದರಿಂದ ಎರಡು ಅಂಕಣಗಳನ್ನು ಇಟ್ಟುಕೊಳ್ಳುವುದು ಯುಕ್ತ. ಮೊದಲನೆಯದರಲ್ಲಿ ಕೇಳಿದ ಮಾತನ್ನು ಕೇಳಿದಂತೆಯೇ ಬರೆಯಬೇಕು. ಹೇಳಿದವರು ಯಾರು, ಕಣ್ಣಾರೆ ಕಂಡವರೇ, ಪರಂಪರೆಯಿಂದ ಕೇಳಿದವರೇ ಎಂಬುದನ್ನೂ ಸೇರಿಸಬೇಕು. ಎರಡನೆಯದರಲ್ಲಿ ನಮ್ಮ ವಿಂಗಡಣೆಯಿರಲಿ. ಅಂಟುಜಾಡ್ಯ, ಕ್ಷಾಮ, ಪ್ರಸವ, ಶೈಶವ, ಆಕಸ್ಮಿಕ, ಕೊಲೆ ಅಥವಾ ಆತ್ಮಹತ್ಯೆ, ದೀರ್ಘರೋಗ, ವಾರ್ಧಕ್ಯ, ಅಜ್ಞಾತ ಎಂಬ ಒಂಬತ್ತು ವರ್ಗಗಳು ಸಾಮಾನ್ಯ ಮನೆತನಕ್ಕೆ ಸಾಕು. ಎರಡನೆಯ ಅಂಕಣವನ್ನು ಮುಂದೆ ತಿದ್ದಬಹುದು, ಮೊದಲನೆಯದನ್ನು ಎಂದಿಗೂ ತಿದ್ದಲಾಗದು.

ಈ ನಿಯಮವನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಬ್ರಿಟಿಷರ ಕಾಲದ ಮರಣಲೆಕ್ಕಗಳೇ ನಿದರ್ಶನ. ಅವುಗಳಲ್ಲಿ ಕಾಲರಾ, ಸಿಡುಬು, ಪ್ಲೇಗು ಮೊದಲಾದ ಕೆಲವೇ ತಲೆಬರಹಗಳಿದ್ದು, ಬಹುಪಾಲು ಮರಣಗಳು ‘ಜ್ವರ’ವೆಂಬ ಒಂದರ ಕೆಳಗೇ ಬಿದ್ದುವು. ಮನೆಯವರು ಹೇಳಿದ ಮಾತು ವರ್ಗದಲ್ಲಿ ಮುಳುಗಿಹೋದುದರಿಂದ ಅದನ್ನು ಇಂದು ಬಿಡಿಸುವಂತಿಲ್ಲ. ವಿದ್ವಾಂಸರ ವರ್ಗಗಳೂ ಸ್ಥಿರವಲ್ಲ. ಫ್ರಾನ್ಸಿನ ಝಾಕ್ ಬೆರ್ತಿಯೋನನ ಪಟ್ಟಿಯು ೧೮೯೩ರಲ್ಲಿ ಅಂತಾರಾಷ್ಟ್ರೀಯ ಮನ್ನಣೆಯನ್ನು ಪಡೆದ ಮೇಲೆ ಅದು ಅನೇಕಾವರ್ತಿ ಪರಿಷ್ಕೃತವಾಗಿ, ಹನ್ನೊಂದನೆಯ ಪರಿಷ್ಕರಣವು ೨೦೨೨ರಲ್ಲಿ ಜಾರಿಗೆ ಬಂದಿತು.

ಸರಕಾರಿ ಪತ್ರವಿದೆಯೆಂದು ನಿಶ್ಚಿಂತರಾಗಿರುವವರಿಗೆ ಒಂದು ಮಾತು. ೧೯೬೯ರ ಜನನ ಮರಣ ನೋಂದಣಿ ಕಾನೂನಿನ ಮೇರೆಗೆ ಕೊಡಲ್ಪಡುವ ಮರಣಪತ್ರದಲ್ಲಿ ಮರಣದ ಕಾರಣವನ್ನು ಕಾಣಿಸುವುದಿಲ್ಲ. ೨೦೨೩ರ ತಿದ್ದುಪಡಿಯಂತೆ, ಕಡೆಯ ಕಾಯಿಲೆಗೆ ಚಿಕಿತ್ಸೆ ಮಾಡಿದ ವೈದ್ಯರು ಬರೆದ ಕಾರಣಪತ್ರದ ಪ್ರತಿಯೊಂದು ಸಮೀಪದ ಬಂಧುವಿಗೂ ಸಲ್ಲಬೇಕಾಗಿದೆ. ಅದನ್ನು ಕೇಳಿ ಪಡೆದು ಮನೆಯ ಕಾಗದಪತ್ರಗಳೊಡನೆ ಇಡುವುದು ಮುಂದಿನವರಿಗೆ ಮಹೋಪಕಾರವಾಗುವುದು.

ಈ ಕಾರ್ಯದಲ್ಲಿ ಕಠಿಣವಾದುದು ಲಜ್ಜೆ. ಕುಷ್ಠರೋಗದಿಂದ ತೀರಿದವರು, ಬಾವಿಗೆ ಬಿದ್ದ ಸೊಸೆಯಂದಿರು, ಚೊಚ್ಚಲ ಹೆರಿಗೆಯಲ್ಲಿ ಹೋದ ಹುಡುಗಿಯರು, ಹೆಸರಿಡುವ ಮೊದಲೇ ಮಣ್ಣಾದ ಕೂಸುಗಳು — ಇವರ ಕಾರಣವನ್ನು ಮರೆಮಾಡುವ ಮನೆಯು ಕ್ರಮೇಣ ಅವರ ಹೆಸರನ್ನೂ ಮರೆಯುತ್ತದೆ. ಪುರುಷರ ಸಾಲುಗಳು ಏಳು ತಲೆಮಾರಿನವರೆಗೆ ದೊರೆಯುವ ಮನೆಯಲ್ಲಿಯೂ, ಎರಡನೆಯ ಮದುವೆಯೇಕೆ ನಡೆಯಿತೆಂದು ಕೇಳಿದರೆ ಉತ್ತರವಿರದು. ಆ ಉತ್ತರವೇ ಮೊದಲ ಹೆಂಡತಿಯ ಮರಣ. ಜೀವಂತರಿಗೆ ನೋವಾಗುವ ಸಂಗತಿಯನ್ನು ಪ್ರಕಟಿಸಬೇಕಾಗಿಲ್ಲ. ಆದರೆ ಬರೆದು ಮುಚ್ಚಿಡುವುದು ಬೇರೆ, ಬರೆಯದೆ ಅಳಿಸುವುದು ಬೇರೆ. ಪ್ರಯೋಜನದ ದೃಷ್ಟಿಯಿಂದಲೂ ಇದು ಅಗತ್ಯ: ತಾತ, ತಂದೆ, ಚಿಕ್ಕಪ್ಪಂದಿರು ನಡುವಯಸ್ಸಿನಲ್ಲಿಯೇ ಎದೆನೋವಿನಿಂದ ಹೋದರೆಂಬುದನ್ನು ತಿಳಿದ ಮೊಮ್ಮಗನು ಸಕಾಲದಲ್ಲಿ ವೈದ್ಯರನ್ನು ಕಾಣುವನು.

ಹಿರಿಯರು ಬದುಕಿರುವಾಗಲೇ ಈ ವಿಷಯವನ್ನು ಕೇಳಿ ಬರೆದುಕೊಳ್ಳಬೇಕು. ಅವರ ಹಿಂದೆಯೇ ಅದೂ ಹೋಗಿಬಿಡುತ್ತದೆ. ಮಠದ ಸದ್ಭಕ್ತರು ತಮ್ಮ ತಮ್ಮ ಮನೆಗಳಲ್ಲಿ ಇಂತಹದೊಂದು ಪುಸ್ತಕವನ್ನು ತೆರೆದು, ‘ಲಿಂಗೈಕ್ಯ’ವೆಂಬ ಪವಿತ್ರವಾದ ಶಬ್ದದ ಮಗ್ಗುಲಲ್ಲಿ ಮನೆಯು ಅಂದು ಆಡಿದ ಮಾತನ್ನೂ ಬರೆದಿಡುವರೆಂದು ಹಾರೈಸುತ್ತೇವೆ.