ಸೋಯಾ ಕೊಯ್ದ ಹೊಲದ ಕಡಲಿ: ಕುಂಟೆ ಎಷ್ಟು, ಸಿಂಪಡಣೆ ಎಷ್ಟು?

ಎಲ್ಲಿ, ಯಾವುದರ ಹಿಂದೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ ಉತ್ತರ ಸಂಕ್ರಮಣ ವಲಯಕ್ಕೆ ಸೇರಿದರೆ ರಾಯಬಾಗ, ಅಥಣಿ, ಕಾಗವಾಡ ಉತ್ತರದ ಒಣ ವಲಯಕ್ಕೆ ಸೇರುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಕಬ್ಬಿನದೇ ದರ್ಬಾರು. ಉಳದೇ ಕಾಳು ಬಿತ್ತುವ ಪದ್ಧತಿ ಭತ್ತದ ಗದ್ದೆಯದು, ಆದರೆ ಭತ್ತ ಇಲ್ಲಿನ ಮುಖ್ಯ ಬೆಳೆಯಲ್ಲ. ಅದರ ಸೀಮೆ ಖಾನಾಪುರದ ಕಡೆ. ಇಲ್ಲಿ ಹಿಂಗಾರಿ ಕಡಲಿ ಬೀಳುವುದು ಹೆಚ್ಚಾಗಿ ಸೋಯಾ, ಗೋವಿನಜೋಳ, ಹೆಸರು ತೆಗೆದ ಎರೆಹೊಲಕ್ಕೆ. ಗದ್ದೆಯಾಗಲಿ ಎರೆಯಾಗಲಿ, ಬಂಡವಾಳ ಮಾತ್ರ ಒಂದೇ: ಮುಂಗಾರು ಬಿಟ್ಟುಹೋದ ಹಸಿ.

ಉಳುಮೆಯ ಲೆಕ್ಕ

ಭತ್ತದ ಗದ್ದೆಯಲ್ಲಿ ಕೆಸರು ತುಳಿದು ಮಣ್ಣಿನ ರಚನೆ ಒಡೆದಿರುತ್ತದೆ, ನೇಗಿಲ ತಳಕ್ಕೆ ಗಟ್ಟಿ ಪದರ ಕಟ್ಟಿರುತ್ತದೆ. ನೀರು ನಿಲ್ಲಿಸಲು ಅದು ಬೇಕು. ಕಾಳಿನ ತಾಯಿಬೇರಿಗೆ ಅದೇ ಅಡ್ಡಗೋಡೆ. ಕೊಯ್ಲಾದ ಮೇಲೆ ಉತ್ತರೆ ಹೆಂಟೆ ಏಳುತ್ತವೆ, ಹೆಂಟೆ ಒಡೆಯುವಷ್ಟರಲ್ಲಿ ಹಸಿ ಆರುತ್ತದೆ. ಕೂಳೆಯ ನಡುವೆ ಉಳದೇ ಬಿತ್ತುವ ಪದ್ಧತಿಗೆ ಇದೇ ಕಾರಣ.

ಎರೆಯ ಗುಣ ಬೇರೆ. ಹಸಿಗೆ ಉಬ್ಬಿ, ಬಿಸಿಲಿಗೆ ಬಿರಿದು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಸೋಯಾ ಹೊಲದಲ್ಲಿ ಕೆಸರು ತುಳಿದಿರುವುದೂ ಇಲ್ಲ. ಹಾಗಾಗಿ ಅಕ್ಟೋಬರಿನಲ್ಲಿ ಆಳವಾಗಿ ರಂಟೆ ಹೊಡೆಯುವುದು ಡೀಸೆಲ್ಲಿಗೂ ಹಸಿಗೂ ದಂಡ ಎಂದೇ ನನ್ನ ಅಭಿಪ್ರಾಯ. ಒಂದು ಕುಂಟೆ, ಬೆನ್ನಿಗೇ ಕೂರಿಗೆ, ಸಾಕು. ಹಸಿ ಇರುವಾಗಲೇ ಟ್ರ್ಯಾಕ್ಟರು, ಕೊಯ್ಲು ಯಂತ್ರ ಓಡಾಡಿ ನೆಲ ಬಿಗಿದಿದ್ದರೆ ಮಾತು ಬೇರೆ. ಅಂಥಲ್ಲಿ ಆಳದ ಉಳುಮೆ ಬೇಸಿಗೆಯ ಕೆಲಸ. ಕಡಲಿ ಎದ್ದ ಮೇಲೆ ಎಡೆಕುಂಟೆ ಹೊಡೆದರೆ ಬಿರುಕು ಮುಚ್ಚಿ ಹಸಿ ನಿಲ್ಲುತ್ತದೆ.

ಎಲೆಗೆ ಉಣಿಸುವುದು

ಮೇಲ್ಮಣ್ಣು ಒಣಗಿದರೆ ಗೊಬ್ಬರವಿದ್ದೂ ಬೇರಿಗೆ ಎಟುಕದು. ಕಾಯಿ ತುಂಬುವ ಹೊತ್ತಿಗೆ ಬೇರುಗಂಟುಗಳೂ ಸೊರಗಿ, ಸಾರಜನಕ ಹಿಡಿಯುವುದು ಇಳಿಯುತ್ತದೆ. ಹೂವಾಡುವಾಗ ಎಲೆಗೆ ಸಿಂಪಡಿಸುವುದು ಇದಕ್ಕೇ. ಶೇ. 2ರ ಡಿಎಪಿ ದ್ರಾವಣವೆಂದರೆ ಎಕರೆಗೆ ಬೇಕಾದ 200 ಲೀಟರ್ ನೀರಿಗೆ 4 ಕೆ.ಜಿ.; ಹಿಂದಿನ ರಾತ್ರಿ ನೆನೆಸಿ, ತಿಳಿಯನ್ನು ಸೋಸಿ, ಸಂಜೆ ಹೊಡೆಯಬೇಕು. ಡಿಎಪಿಯಲ್ಲಿ ಸಾರಜನಕ ಶೇ. 18, ರಂಜಕ ಶೇ. 46. ಅಂದರೆ 4 ಕೆ.ಜಿ. ಪೂರ್ತಿ ಕರಗಿತೆಂದರೂ ಎಕರೆಗೆ ಸಿಗುವುದು 720 ಗ್ರಾಂ ಸಾರಜನಕ, 1.84 ಕೆ.ಜಿ. ರಂಜಕ. ಬಿತ್ತುವಾಗಿನ ಗೊಬ್ಬರಕ್ಕೆ, ಬೀಜಕ್ಕೆ ಹಚ್ಚುವ ರೈಜೋಬಿಯಂಗೆ ಇದು ಬದಲಿಯಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಸಾಕ್ಷಿ.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಇದೇ ಜಾಡಿನದು. ಪೋಷಕಾಂಶ, ಲಘು ಪೋಷಕಾಂಶಗಳ ಜತೆಗೆ ಹೂ ಉದುರುವುದನ್ನು ತಡೆಯುವ ಸಸ್ಯಪ್ರಚೋದಕವೂ ಅದರಲ್ಲಿದೆ. ಎಕರೆಗೆ 2 ಕೆ.ಜಿ.ಯಂತೆ ಹೂವಾಡುವಾಗ ಒಮ್ಮೆ, 15 ದಿನ ಬಿಟ್ಟು ಮತ್ತೊಮ್ಮೆ. ಸಿಂಪಡಣೆಯ ಹೊರತಾಗಿ, ಹೂವಿಗೆ ಮುಂಚೆ ಕುಡಿ ಚಿವುಟಿದರೂ ಕವಲು ಹೆಚ್ಚುತ್ತದೆ. ಚಿವುಟಿದ್ದು ರೊಟ್ಟಿಗೆ ಪಲ್ಲೆಯಾಗುತ್ತದೆ.

ಸಾಲದಿರುವಲ್ಲಿ

ಅಥಣಿಯ ತೆಳು ಮಡ್ಡಿಯಲ್ಲಿ ಅಡಿಮಣ್ಣೇ ಒಣಗಿದ್ದರೆ ಸಿಂಪಡಣೆಯಿಂದ ಕಾಳು ತುಂಬದು. ಕೈಗೆಟುಕಿದರೆ ಹೂವಿಗೆ ಮುಂಚೆ ಒಂದು ತೆಳು ನೀರು ಕೊಡುವುದು ಮೇಲು. ನದಿ ದಂಡೆಯ ಸವಳು ನೆಲದ ಕಷ್ಟ ಇನ್ನೊಂದು ಬಗೆ. ಕಡಲಿ ಉಪ್ಪು ತಾಳದ ಬೆಳೆ. ಅಲ್ಲಿ ಮೊದಲು ಬಸಿಗಾಲುವೆ ತೋಡಬೇಕು, ಬಿತ್ತನೆಯ ಮಾತು ಆಮೇಲೆ.