ಹಡಗಿನವರು ಇಟ್ಟ ಹೆಸರು, ನೆಲದವರು ಕರೆದ ಹೆಸರು

ನಮ್ಮ ಹೊಸಕೋಟೆಯ ಹೆಸರಿನ ಮುಂದೆ ವೈ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ನಿಂತಿರುವುದನ್ನು ವಾಚಕರೆಲ್ಲರೂ ಬಲ್ಲರು. ಕನ್ನಡನಾಡಿನಲ್ಲಿ ಹೊಸಕೋಟೆಯೆಂಬ ಊರು ಒಂದೇ ಅಲ್ಲ. ಬೆಂಗಳೂರಿಗೆ ಮೂಡಲಲ್ಲಿ ಇನ್ನೊಂದು ಹೊಸಕೋಟೆಯಿದೆ. ಕಾಗದಪತ್ರಗಳಲ್ಲಿ ಒಂದನ್ನು ಮತ್ತೊಂದೆಂದು ಭ್ರಮಿಸದಂತೆ ಈ ಅಕ್ಷರಗಳು ಕಾಯುತ್ತಿರುವುವು. ಆದರೆ ಸಂತೆಗೆ ಹೊರಟ ರೈತನಾಗಲಿ, ಮಗ್ಗದ ಮುಂದೆ ಕುಳಿತ ನೇಕಾರನಾಗಲಿ ಅವುಗಳ ಹಂಗಿಲ್ಲದೆಯೇ ತನ್ನ ಊರನ್ನು ಕರೆಯಬಲ್ಲನು. ಬರೆಯುವವರಿಗೆ ಒಂದು ಹೆಸರು, ಬಾಳುವವರಿಗೆ ಒಂದು ಹೆಸರು ಎಂಬ ಈ ಭೇದವು ಲೋಕದಲ್ಲೆಲ್ಲಾ ಇರತಕ್ಕದ್ದೇ. ಅದರ ಪರಿಣಾಮವು ಏನಾಗುವುದೆಂಬುದನ್ನು ಎರಡು ದೃಷ್ಟಾಂತಗಳಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ. ಒಂದು, ಫ್ರಾನ್ಸ್ ದೇಶದ ಪ್ರಸಿದ್ಧ ನಾವಿಕನೊಬ್ಬನ ಹೆಸರನ್ನು ಹೊತ್ತ ದೂರದೇಶದ ಸ್ಥಳಗಳು. ಇನ್ನೊಂದು, ಶ್ರೀರಂಗಪಟ್ಟಣದ ಬಳಿ ಫ್ರೆಂಚರ ಹೆಸರನ್ನು ಬಹುಕಾಲ ಹೊತ್ತಿದ್ದ ನಮ್ಮದೇ ಊರು.

ಶಬ್ದಗಳಲ್ಲಿ ಯೌಗಿಕವೆಂದೂ ರೂಢವೆಂದೂ ಭೇದವುಂಟೆಂದು ನಮ್ಮ ಶಾಸ್ತ್ರಕಾರರು ಹೇಳುವರು. ಅವಯವಗಳ ಅರ್ಥದಿಂದಲೇ ತಿಳಿದುಬರುವುದು ಯೌಗಿಕ. ಅವಯವಾರ್ಥವನ್ನು ಕೇಳದೆ ಜನರ ಬಳಕೆಯಿಂದಲೇ ನಿಲ್ಲುವುದು ರೂಢ. ಇವೆರಡಕ್ಕೂ ಸ್ಪರ್ಧೆ ಬಂದಲ್ಲಿ ರೂಢಿಯೇ ಬಲವುಳ್ಳದ್ದೆಂಬುದು ಅವರ ನಿರ್ಣಯ. ಸ್ಥಳನಾಮಗಳಿಗೆ ಈ ನಿರ್ಣಯವು ಚೆನ್ನಾಗಿ ಒಪ್ಪುವುದು. ಆದರೆ ರೂಢಿಯೆಂಬುದು ನಾಲಗೆಯ ಮೇಲಿರುವ ವಸ್ತು. ನಾಲಗೆಯು ಸುಮ್ಮನಾದೊಡನೆ ಅದರ ಬಲವೂ ಮುಗಿಯುವುದು.

ಲಾ ಪೆರೂಜನೆಂಬ ನಾವಿಕನು ೧೭೪೧ ರಲ್ಲಿ ದಕ್ಷಿಣ ಫ್ರಾನ್ಸಿನ ಆಲ್ಬಿ ಎಂಬ ಪಟ್ಟಣದ ಹತ್ತಿರ ಹುಟ್ಟಿದನು. ಈತನು ನಮ್ಮ ಸಮುದ್ರಗಳಿಗೆ ಅಪರಿಚಿತನಲ್ಲ. ೧೭೭೨ ರಿಂದ ೧೭೭೭ ರವರೆಗೆ ಇಂದಿನ ಮಾರಿಷಸ್ ದ್ವೀಪವನ್ನು ನೆಲೆಯಾಗಿ ಮಾಡಿಕೊಂಡು, ಅಲ್ಲಿಂದ ಹಿಂದೂದೇಶದ ಕರಾವಳಿಗೆ ಹಡಗು ನಡೆಸಿದನು. ಮಲೆಯಾಳದ ತೀರದಲ್ಲಿ ಫ್ರೆಂಚರ ವಶದಲ್ಲಿದ್ದ ಮಾಹೆಯ ರಕ್ಷಣೆಯಲ್ಲಿಯೂ ಪಾಲುಗೊಂಡನು. ಆ ಮಾಹೆಯು ಮೈಸೂರಿನ ಚರಿತ್ರೆಗೆ ಬಹಳ ಸಮೀಪದ್ದು. ಹೈದರಾಲಿಗೆ ಫ್ರೆಂಚರಿಂದ ಬರುತ್ತಿದ್ದ ಯುದ್ಧಸಾಮಗ್ರಿಯು ಆ ರೇವಿನ ಮೂಲಕವೇ ಬರುತ್ತಿದ್ದಿತು. ೧೭೭೯ ರಲ್ಲಿ ಆಂಗ್ಲರು, ಹೈದರನ ಮಾತನ್ನು ಲಕ್ಷಿಸದೆ, ಮಾಹೆಯನ್ನು ಹಿಡಿದುಕೊಂಡರು. ಮರುವರ್ಷ ಹೈದರನು ಕರ್ನಾಟಕದ ಬಯಲುಸೀಮೆ ಎನಿಸಿಕೊಂಡಿದ್ದ ಆರ್ಕಾಟಿನ ಪ್ರಾಂತದ ಮೇಲೆ ದಂಡೆತ್ತಿ ಹೋದುದಕ್ಕೆ ಇದೂ ಒಂದು ಮುಖ್ಯಕಾರಣವಾಯಿತು. ಹೀಗೆ ಲಾ ಪೆರೂಜನೂ, ಹೈದರನ ಬಳಿಯಿದ್ದ ಫ್ರೆಂಚ್ ಸೈನಿಕರೂ ಒಂದೇ ಕಾಲದ, ಒಂದೇ ಪ್ರಯತ್ನದ ಎರಡು ಕವಲುಗಳು. ಒಂದು ಕವಲು ಕಡಲಿನ ಮೇಲೆ ಹೋಯಿತು. ಇನ್ನೊಂದು ಕಾವೇರೀತೀರದಲ್ಲಿ ನಿಂತಿತು.

ಫ್ರಾನ್ಸಿನ ದೊರೆಯಾದ ಹದಿನಾರನೆಯ ಲೂಯಿಯ ಅಪ್ಪಣೆಯಂತೆ, ೧೭೮೫ ನೆಯ ಆಗಸ್ಟ್ ೧ ರಂದು, ಲಾ ಪೆರೂಜನು ಎರಡು ಹಡಗುಗಳೊಡನೆ ಬ್ರೆಸ್ಟ್ ಬಂದರಿನಿಂದ ಭೂಪ್ರದಕ್ಷಿಣೆಗೆ ಹೊರಟನು. ಮರುವರ್ಷದ ಮೇ ತಿಂಗಳ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲೊಂದಾದ ಮಾವಿಯಲ್ಲಿ ಇಳಿದನು. ಹೊಸನೆಲವನ್ನು ಕಂಡೊಡನೆ ತಮ್ಮ ದೊರೆಯ ಹೆಸರಿನಲ್ಲಿ ಅದನ್ನು ಸ್ವಾಧೀನಮಾಡಿಕೊಂಡುದಾಗಿ ಸಾರುವುದು ಆ ಕಾಲದ ಐರೋಪ್ಯರ ಪದ್ಧತಿ. ಲಾ ಪೆರೂಜನು ಹಾಗೆ ಮಾಡಲಿಲ್ಲ. ತಲೆತಲಾಂತರದಿಂದ ಬೆವರು ಸುರಿಸಿ ಉತ್ತ ಭೂಮಿಯನ್ನು, ಕೋವಿಯಿದೆಯೆಂಬ ಕಾರಣದಿಂದ, ಬಂದವನು ತನ್ನದೆನ್ನುವುದು ಹಾಸ್ಯಾಸ್ಪದವೆಂದು ಅವನು ಭಾವಿಸಿದನು. ಆದರೂ ಅವನಿಳಿದ ಕೊಲ್ಲಿಗೆ ನಕ್ಷೆಗಳಲ್ಲಿ ಲಾ ಪೆರೂಜ್ ಕೊಲ್ಲಿಯೆಂದೇ ಹೆಸರು ಬಿದ್ದಿತು. ನೆಲವನ್ನು ಬೇಡವೆಂದವನಿಗೂ ನೆಲದ ಹೆಸರು ತಪ್ಪಲಿಲ್ಲ. ಆ ದ್ವೀಪದವರಿಗೆ ಮಾತ್ರ ಅದು ಕೆಓನೆಓಇಓ. ಓಇಓ ಎಂಬ ಮೀನಿನ ಮರಳುದಂಡೆಯೆಂದು ಅದರ ಅರ್ಥ. ಮೊದಲನೆಯ ಹೆಸರು ಬಂದು ಹೋದವನ ನೆನಪನ್ನು ಹೇಳುವುದು. ಎರಡನೆಯದು ಅಲ್ಲಿ ಹಸಿವಾದವನು ಏನನ್ನು ಹಿಡಿದು ತಿನ್ನಬಹುದೆಂಬುದನ್ನು ಹೇಳುವುದು.

ಅಲ್ಲಿಂದ ಮುಂದೆ ಅಮೆರಿಕಾ ಖಂಡದ ವಾಯವ್ಯದಲ್ಲಿ, ಇಂದಿನ ಅಲಾಸ್ಕದಲ್ಲಿ, ಅವನು ಒಂದು ಕೊಲ್ಲಿಯನ್ನು ಹೊಕ್ಕು ಅದಕ್ಕೆ ಫ್ರೆಂಚರ ಬಂದರು ಎಂಬರ್ಥದ ಹೆಸರಿಟ್ಟನು. ೧೭೮೬ ನೆಯ ಜುಲೈ ೧೩ ರಂದು ಆ ಕೊಲ್ಲಿಯ ಬಾಯಲ್ಲಿ ಸೆಳವಿಗೆ ಸಿಕ್ಕಿ ಎರಡು ದೋಣಿಗಳು ಮುಳುಗಿ ೨೧ ಮಂದಿ ಮಡಿದರು. ಕೊಲ್ಲಿಯ ನಡುವಣ ದ್ವೀಪದಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಿದುದರಿಂದ ಆ ದ್ವೀಪಕ್ಕೆ, ದೇಹವಿಲ್ಲದ ಸಮಾಧಿಯೆಂಬರ್ಥದ ಹೆಸರು ಇಂದಿಗೂ ನಿಂತಿರುವುದು. ಆದರೆ ಫ್ರೆಂಚರ ಬಂದರೆಂಬುದು ನಿಲ್ಲಲಿಲ್ಲ. ಅಲ್ಲಿಯ ತ್ಲಿಂಗಿಟ್ ಜನರ ಮಾತಿನಿಂದ ಬಂದ ಲಿಟೂಯ ಎಂಬ ಹೆಸರೇ ಇಂದು ನಕ್ಷೆಯಲ್ಲಿರುವುದು. ಇನ್ನೂ ಆಶ್ಚರ್ಯವೇನೆಂದರೆ, ಹಡಗುಗಳು ಬಂದುಹೋದ ನೂರು ವರ್ಷಗಳ ತರುವಾಯ, ೧೮೮೬ ರಲ್ಲಿ, ಆ ಜನರ ಮುಖಂಡನೊಬ್ಬನು ಹಿರಿಯರಿಂದ ಕೇಳಿದ ಆ ಕಥೆಯನ್ನು ಅಮೆರಿಕದವನೊಬ್ಬನಿಗೆ ಹೇಳಿದನು. ಬಿಳಿಯ ರೆಕ್ಕೆಗಳುಳ್ಳ ಕರಿಯ ಮಹಾಪಕ್ಷಿಗಳು ಬಂದುವೆಂದು ಅವರು ಹಡಗುಗಳನ್ನು ಕಂಡು ಬೆದರಿದರಂತೆ. ಲಿಪಿಯಿಲ್ಲದ ಜನರು ನೂರು ವರ್ಷದ ಚರಿತ್ರೆಯನ್ನೂ ಊರ ಹೆಸರನ್ನೂ ನಾಲಗೆಯಲ್ಲಿಯೇ ಕಾಪಾಡಿಕೊಂಡರು.

ಅದೇ ವರ್ಷದ ನವೆಂಬರಿನಲ್ಲಿ, ಹವಾಯಿಯ ವಾಯವ್ಯಕ್ಕೆ, ರಾತ್ರಿಯಲ್ಲಿ ಅವನ ಹಡಗುಗಳು ಒಂದು ಹವಳದ ದಿಬ್ಬಕ್ಕೆ ಬಡಿಯುವುದರಲ್ಲಿದ್ದು ಸ್ವಲ್ಪದರಲ್ಲಿ ತಪ್ಪಿದುವು. ಅದಕ್ಕೆ ಫ್ರೆಂಚ್ ಯುದ್ಧನೌಕೆಗಳ ದಿಬ್ಬವೆಂದು ಹೆಸರಾಯಿತು. ಅಲ್ಲಿ ನೀರಿನಿಂದ ಮೇಲೆದ್ದ ಒಂಟಿಬಂಡೆಯು ಲಾ ಪೆರೂಜನ ಶಿಖರವಾಯಿತು. ೧೭೮೭ ರ ಆಗಸ್ಟಿನಲ್ಲಿ ಸಖಾಲಿನ್ ಮತ್ತು ಹೊಕ್ಕೈಡೊ ದ್ವೀಪಗಳ ನಡುವಣ ಜಲಸಂಧಿಯನ್ನು ದಾಟಿದನು. ರಷ್ಯದವರು ಅದನ್ನು ಇಂದಿಗೂ ಲಾ ಪೆರೂಜನ ಹೆಸರಿನಿಂದ ಕರೆದರೆ, ಜಪಾನಿನವರು ಸೋಯ ಎನ್ನುವರು. ಒಂದೇ ನೀರಿಗೆ ಎರಡು ದಡದಲ್ಲಿ ಎರಡು ಹೆಸರು! ೧೭೮೮ ನೆಯ ಜನವರಿ ೨೬ ರಂದು ಆಸ್ಟ್ರೇಲಿಯದ ಬಾಟನಿ ಕೊಲ್ಲಿಯನ್ನು ಸೇರಿದನು. ಕೆಲವೇ ದಿನಗಳ ಹಿಂದೆ ಆಂಗ್ಲರ ಮೊದಲ ವಲಸೆಯ ಹಡಗುಗಳು ಅಲ್ಲಿಗೆ ಬಂದಿದ್ದುವು. ಆರು ವಾರಗಳ ಮೇಲೆ, ಮಾರ್ಚಿ ೧೦ ರಂದು ಹೊರಟವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಸುಮಾರು ನಾಲ್ವತ್ತು ವರ್ಷಗಳಾದ ಮೇಲೆ, ೧೮೨೭ ರಲ್ಲಿ, ಪೀಟರ್ ಡಿಲ್ಲನ್ ಎಂಬ ನಾವಿಕನು ವನಿಕೊರೊ ದ್ವೀಪದ ಬಂಡೆಗಳ ಬಳಿ ಆ ಹಡಗುಗಳ ಅವಶೇಷಗಳನ್ನು ಕಂಡನು. ಸಿಡ್ನಿ ನಗರದ ಒಂದು ಭಾಗಕ್ಕೆ ಲಾ ಪೆರೂಜ್ ಎಂಬ ಹೆಸರಿದೆ. ಆ ನೆಲದ ಮೂಲನಿವಾಸಿಗಳ ವಂಶದವರು ಇಂದಿಗೂ ಅಲ್ಲಿ ವಾಸವಾಗಿದ್ದಾರೆ. ಅವನ ಹೆಸರಿನ ಊರಿನಲ್ಲಿದ್ದು ತಮ್ಮ ಹಿರಿಯರ ನೆನಪನ್ನು ಕಾಪಾಡಿಕೊಂಡಿದ್ದಾರೆ.

ಇನ್ನು ನಮ್ಮ ನಾಡಿಗೆ ಹಿಂದಿರುಗೋಣ. ೧೭೬೧ ರಲ್ಲಿ ಪುದುಚೇರಿಯು ಆಂಗ್ಲರ ಕೈವಶವಾದ ಮೇಲೆ ನೆಲೆತಪ್ಪಿದ ಫ್ರೆಂಚ್ ಸೈನಿಕರಲ್ಲಿ ಕೆಲವರು ಹೈದರನ ಆಶ್ರಯಕ್ಕೆ ಬಂದರು. ಆ ವರ್ಷವೇ ಹೈದರನು, ಮೇಲೆ ಹೇಳಿದ ಬೆಂಗಳೂರು ಕಡೆಯ ಹೊಸಕೋಟೆಯ ಮುಂದೆ, ನಿಜಾಮನ ಸೋದರನಾದ ಬಸಾಲತ್ ಜಂಗನೊಡನೆ ಒಪ್ಪಂದ ಮಾಡಿಕೊಂಡು ಶಿರಾದ ನವಾಬನೆಂಬ ಪದವಿಯನ್ನು ಪಡೆದನೆಂಬುದನ್ನು ನಮ್ಮ ಸೀಮೆಯವರು ಮರೆಯಲಾಗದು. ಬಸಾಲತ್ ಜಂಗನ ಸೇವೆಯಲ್ಲಿದ್ದ ಲಾಲಿ ಎಂಬ ಫ್ರೆಂಚ್ ಸೇನಾನಿಯು ತರುವಾಯ ಹೈದರನನ್ನು ಸೇರಿದನು. ಹೈದರನಿಗೂ ಟಿಪ್ಪುವಿಗೂ ಊಳಿಗ ಮಾಡಿದ ಈ ಫ್ರೆಂಚ್ ದಂಡು ಶ್ರೀರಂಗಪಟ್ಟಣದಿಂದ ಬಡಗಲಾಗಿ ಸುಮಾರು ನಾಲ್ಕು ಮೈಲಿ ದೂರದ ಹಿರೋಡೆ ಎಂಬ ಊರಿನ ಕಲ್ಲುಬೆಟ್ಟಗಳ ಬಳಿ ಬೀಡುಬಿಟ್ಟಿದ್ದಿತು. ಅದರಿಂದ ಆ ಸ್ಥಳವು ಫ್ರೆಂಚ್ ರಾಕ್ಸ್ ಎನಿಸಿತು. ೧೭೯೨ ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಲು ಬಂದ ಕಾರ್ನ್‌ವಾಲಿಸನ ದಂಡು ಇಳಿದುದೂ ಈ ಬಂಡೆಗಳ ಮರೆಯಲ್ಲಿಯೇ.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಫ್ರೆಂಚ್ ರಾಕ್ಸ್ ಎಂಬುದು ಫ್ರೆಂಚ್ ಮಾತಲ್ಲ, ಇಂಗ್ಲಿಷ್ ಮಾತು. ಫ್ರೆಂಚರು ತಮ್ಮ ಬೀಡನ್ನು ಏನೆಂದು ಕರೆದಿದ್ದರೂ, ನಕ್ಷೆಯಲ್ಲಿ ನಿಂತದ್ದು ಅವರ ಶತ್ರುಗಳ ನುಡಿಯಲ್ಲಿದ್ದ ಹೆಸರು. ಗೆದ್ದವರೇ ನಕ್ಷೆಯನ್ನು ಬರೆದರು. ಸೋತವರ ಗುರುತು ಗೆದ್ದವರ ಭಾಷೆಯಲ್ಲಿ ಉಳಿಯಿತು. ೧೭೯೯ ರ ತರುವಾಯ ಮದ್ರಾಸು ಸೈನ್ಯದ ಠಾಣ್ಯವೊಂದು ಬಹುಕಾಲ ಅಲ್ಲಿದ್ದಿತು. ಬೆಂಗಳೂರು ಮೈಸೂರುಗಳ ನಡುವೆ ರೈಲುದಾರಿ ಬಂದಾಗ ಸ್ಟೇಷನ್ನಿಗೂ ಅದೇ ಹೆಸರಾಯಿತು. ಒಂದು ಹೆಸರನ್ನು ಗಟ್ಟಿಮಾಡುವುದರಲ್ಲಿ ಶಾಸನಕ್ಕಿಂತಲೂ ರೈಲಿನ ಟಿಕೀಟೂ ಅಂಚೆಯ ಮುದ್ರೆಯೂ ಬಲವುಳ್ಳವು. ಫ್ರೆಂಚ್ ಸೈನಿಕನೊಬ್ಬನೂ ಇಲ್ಲದ ಕಾಲದಲ್ಲಿ, ಫ್ರೆಂಚರೆಂದರೆ ಯಾರೆಂದು ತಿಳಿಯದ ರೈತನೂ ಆ ಹೆಸರಿನ ಟಿಕೀಟನ್ನು ಕೊಳ್ಳಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರು ಹೋಗಿ ಪಾಂಡವಪುರವೆಂಬ ಹೆಸರು ಬಂದಿತು. ಊರಿನ ಬಳಿಯ ಬೆಟ್ಟಕ್ಕೆ ಕುಂತಿಬೆಟ್ಟವೆಂದು ಹೆಸರು. ವನವಾಸದ ಕಾಲದಲ್ಲಿ ಕುಂತಿಯೂ ಪಾಂಡವರೂ ಅಲ್ಲಿದ್ದರೆಂಬ ಐತಿಹ್ಯವನ್ನು ಜನರು ಭಕ್ತಿಯಿಂದ ಹೇಳುವರು. ಪರಕೀಯರ ಹೆಸರನ್ನು ತೆಗೆದುದು ಯೋಗ್ಯವೇ. ಐತಿಹ್ಯವನ್ನು ಗೌರವಿಸುವುದೂ ಯೋಗ್ಯವೇ. ಇದರಲ್ಲಿ ನಮಗೆ ಆಕ್ಷೇಪವಿಲ್ಲ. ಆದರೆ ಒಂದು ಸಂಗತಿಯನ್ನು ಹೇಳದಿರಲಾಗದು. ಅಲಾಸ್ಕದಲ್ಲಿ ಫ್ರೆಂಚರ ಹೆಸರು ಹೋದಾಗ ನೆಲದವರ ಹೆಸರೇ ನಿಂತಿತು. ನಮ್ಮಲ್ಲಿ ಫ್ರೆಂಚ್ ರಾಕ್ಸ್ ಹೋದಾಗ ಹಿರೋಡೆಯು ಪೀಠಕ್ಕೆ ಹಿಂದಿರುಗಲಿಲ್ಲ. ಪರರು ಹಿರೋಡೆಯನ್ನು ಒಮ್ಮೆ ಮರೆಮಾಡಿದರು. ನಾವು ಅಭಿಮಾನದಿಂದಲೇ ಅದನ್ನು ಇನ್ನೊಮ್ಮೆ ಮರೆಮಾಡಿದೆವು. ಫ್ರೆಂಚರಿಗೂ ಮುಂಚೆ ಆ ಊರಿನಲ್ಲಿ ಉತ್ತು ಬಿತ್ತಿ ಬಾಳಿದವರ ನಾಲಗೆಯ ಹೆಸರಿಗೆ ಇಬ್ಬರಿಂದಲೂ ನ್ಯಾಯ ದೊರೆಯಲಿಲ್ಲ. ಪುರಾಣದ ಹೆಸರು ಎಷ್ಟೇ ಪವಿತ್ರವಾಗಿರಲಿ, ಅದು ಊರಿನ ಸ್ವಂತ ಚರಿತ್ರೆಯ ಸ್ಥಾನವನ್ನು ತುಂಬಲಾರದು. ಸಂಸ್ಕೃತವನ್ನೇ ಓದಿ ಬೆಳೆದ ನನಗೆ ಈ ಮಾತನ್ನು ಬರೆಯುವುದು ಸುಲಭವಲ್ಲ. ಆದರೂ ಸತ್ಯವೆಂದು ತೋರಿದುದನ್ನು ಬರೆಯಲೇಬೇಕು.

ಇದು ದೂರದ ಊರಿನ ವಿಚಾರವಷ್ಟೇ ಎಂದು ವಾಚಕರು ಭಾವಿಸಬಾರದು. ನಮ್ಮ ಪಾವಗಡ ತಾಲ್ಲೂಕಿನಲ್ಲಿಯೇ, ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳಲ್ಲಿ, ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ಸೂರ್ಯಕಿರಣದಿಂದ ವಿದ್ಯುತ್ತನ್ನು ತೆಗೆಯುವ ಮಹಾಸ್ಥಾವರವು ಎದ್ದಿರುವುದು. ೨೦೧೮ ನೆಯ ಮಾರ್ಚಿ ೧ ರಂದು ಅದರ ಉದ್ಘಾಟನೆಯಾಯಿತು. ಶಕ್ತಿಸ್ಥಳವೆಂದು ಅದಕ್ಕೆ ಹೆಸರಿಟ್ಟರು. ಮಳೆಯನ್ನು ಕಾಣದೆ ಸೊರಗಿದ ಸೀಮೆಗೆ ಬಿಸಿಲಿನಿಂದಲಾದರೂ ಹುಟ್ಟುವಳಿ ಬಂದುದು ಸಂತೋಷದ ವಿಷಯ. ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು ಎಂಬುದೂ ವಿವೇಕದ ಮಾತು. ಆದರೆ ಆ ಸಾವಿರಾರು ಎಕರೆಗಳಲ್ಲಿ ಒಂದೊಂದು ಹೊಲಕ್ಕೂ ಹೆಸರಿದ್ದಿತಲ್ಲವೆ? ಬೇವಿನಮರದ ಹೊಲವೆಂದೋ, ಕೆರೆಯ ಕೆಳಗಣದೆಂದೋ, ಮುತ್ತಜ್ಜನ ಹೆಸರಿನಿಂದಲೋ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಅವುಗಳನ್ನು ಕರೆಯುತ್ತಿದ್ದರು. ಬಳಸಮುದ್ರವೆಂಬ ಹೆಸರನ್ನೇ ನೋಡಿರಿ. ಸಮುದ್ರವೆಂದು ಮುಗಿಯುವ ನಮ್ಮ ಊರ ಹೆಸರುಗಳು ಕೆರೆಯನ್ನು ಸೂಚಿಸುವಂಥವು. ನೀರು ಬತ್ತಿದರೂ, ನೀರು ಇದ್ದಿತೆಂಬ ಸಾಕ್ಷ್ಯವು ಹೆಸರಿನಲ್ಲಿ ಬತ್ತುವುದಿಲ್ಲ.

ಇಂದು ಆ ಹೊಲಗಳ ಮೇಲೆ ಗಾಜಿನ ಹಲಗೆಗಳ ಸಾಲುಗಳಿವೆ. ಉಳುವವನು ಹೋಗದ ಹೊಲದ ಹೆಸರನ್ನು ಯಾರು ಕರೆಯುವರು? ಗುತ್ತಿಗೆಯ ಅವಧಿಯು ಮುಗಿದು ಭೂಮಿಯು ಮಕ್ಕಳ ಅಥವಾ ಮೊಮ್ಮಕ್ಕಳ ಕೈಗೆ ಹಿಂದಿರುಗುವಾಗ ಸರ್ವೆ ನಂಬರು ಕಾಗದದಲ್ಲಿರುವುದು, ಹೆಸರು ಎಲ್ಲಿರುವುದು? ಇಲ್ಲಿ ಹೆಸರನ್ನು ಅಳಿಸಿದ ಪರದೇಶಿಯೂ ಇಲ್ಲ, ಗೆದ್ದ ಶತ್ರುವೂ ಇಲ್ಲ. ನಾವು ಸುಮ್ಮನಿದ್ದರೆ ಸಾಕು, ಅಳಿಯುವುದು.

ಆದುದರಿಂದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಪ್ರತಿಯೊಂದು ಮನೆಯಲ್ಲಿಯೂ ಹಿರಿಯರಿರುವಾಗಲೇ ಅವರನ್ನು ಕೇಳಿ, ತಮ್ಮ ಊರಿನ ಹೊಲ, ಕೆರೆ, ಕಟ್ಟೆ, ಹಳ್ಳ, ದಿಣ್ಣೆ, ಬಂಡೆಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹೆಸರು ಏಕೆ ಬಂದಿತೆಂದು ತಿಳಿದರೆ ಅದನ್ನೂ ಬರೆಯಿರಿ. ತಿಳಿಯದಿದ್ದರೆ ಅರ್ಥವನ್ನು ಕಲ್ಪಿಸದೆ ಹೆಸರನ್ನಷ್ಟೇ ಬರೆಯಿರಿ. ತೆಲುಗಿನ ಹೆಸರನ್ನು ಕನ್ನಡಕ್ಕೆ ತಿರುಗಿಸುವುದೂ ಬೇಡ, ಹಳ್ಳಿಯ ಮಾತನ್ನು ಸಂಸ್ಕೃತಕ್ಕೆ ಏರಿಸುವುದೂ ಬೇಡ. ಲಿಪಿಯಿಲ್ಲದ ತ್ಲಿಂಗಿಟ್ ಜನರು ನೂರು ವರ್ಷ ಬಾಯಲ್ಲಿ ಕಾಪಾಡಿದುದನ್ನು, ಓದುಬರಹ ಬಲ್ಲ ನಾವು ಒಂದು ಪುಸ್ತಕದಲ್ಲಿಯಾದರೂ ಕಾಪಾಡಲಾರೆವೆ?