ಆರ್ಕಮ್‌ನ ಬೀಗಗಳು: ಒಂದು ಕಲ್ಪಿತ ಹುಚ್ಚಾಸ್ಪತ್ರೆಯ ದುರಾಡಳಿತದ ಚರಿತ್ರೆ

ಅಮೆರಿಕದ ಡಿಸಿ ಕಾಮಿಕ್ಸ್ ಹೊರತರುವ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ 258ನೇ ಸಂಚಿಕೆಯ ಮೇಲೆ 1974ರ ಅಕ್ಟೋಬರ್ ಎಂದು ಅಚ್ಚಾಗಿದೆ. ಡೆನಿಸ್ ಓನೀಲ್ ಬರೆದು ಅರ್ವ್ ನೋವಿಕ್ ಚಿತ್ರ ಹಾಕಿದ ಆ ಕಥೆಯಲ್ಲಿ ಆರ್ಕಮ್ ಆಸ್ಪತ್ರೆ ಮೊದಲ ಸಲ ಓದುಗರ ಕಣ್ಣಿಗೆ ಬಿತ್ತು. ಗಾಥಮ್ ನಗರದ ಅಪರಾಧಿ ಮನೋರೋಗಿಗಳನ್ನು ಕೂಡಿಹಾಕುವ ಜಾಗ ಅದು. ಅದೇ ಕಥೆಯಲ್ಲಿ, ಹೊರಗಿನವನೊಬ್ಬನ ನೆರವಿನಿಂದ ಟೂ-ಫೇಸ್ ಎಂಬ ಖಳ ಅಲ್ಲಿಂದ ಪರಾರಿಯಾದ. ಸಂಸ್ಥೆಯ ಉದ್ಘಾಟನೆಯೂ ಮೊದಲ ಪರಾರಿಯೂ ಒಂದೇ ಸಂಚಿಕೆಯಲ್ಲಿ ಮುಗಿದುಹೋದವು. ಅಲ್ಲಿಂದೀಚೆಗೆ ಅರ್ಧ ಶತಮಾನ ಕಳೆದಿದೆ. ಬೀಗ ಇನ್ನೂ ನೆಟ್ಟಗಾಗಿಲ್ಲ.

ಈ ದುರಾಡಳಿತವನ್ನು ವಿವರಿಸುವವರು ಸಾಮಾನ್ಯವಾಗಿ ಕಥೆಯೊಳಗಿನ ಕಾರಣಗಳನ್ನೇ ಹಿಡಿಯುತ್ತಾರೆ: ಕಟ್ಟಡಕ್ಕೆ ಶಾಪವಿದೆ, ಸ್ಥಾಪಕನಿಗೇ ಹುಚ್ಚು ಹಿಡಿದಿತ್ತು, ಕಾವಲುಗಾರರು ಲಂಚಕೋರರು. ಈ ಲೇಖನದ ವಾದ ಬೇರೆ. ಆರ್ಕಮ್‌ನ ವೈಫಲ್ಯ ಮೊದಲು ಬಂತು, ಕಾರಣಗಳು ಆಮೇಲೆ ಬಂದವು. ಆಸ್ಪತ್ರೆಯ ಬಾಗಿಲು ತೆರೆದದ್ದು ಪ್ರಕಾಶನ ಸಂಸ್ಥೆಯ ಕಚೇರಿಯಲ್ಲಿ. ಅದಕ್ಕೆ ಸಬೂಬು ಹುಡುಕಿದ್ದು ಮುಂದಿನ ತಲೆಮಾರಿನ ಲೇಖಕರು. ಆ ಸಬೂಬಿನ ಭಾರ ಬಿದ್ದದ್ದು ಮಾತ್ರ ಮನೋರೋಗಿಗಳ ತಲೆಯ ಮೇಲೆ.

ಮೊದಲ ಸಾಕ್ಷ್ಯ ಆರ್ಕಮ್‌ಗಿಂತ 34 ವರ್ಷ ಹಳೆಯದು. 1940ರ ವಸಂತದಲ್ಲಿ ಬಂದ ‘ಬ್ಯಾಟ್‌ಮ್ಯಾನ್’ ಮೊದಲ ಸಂಚಿಕೆಯಲ್ಲಿ ಜೋಕರ್ ಕಾಣಿಸಿಕೊಂಡು ಅದೇ ಸಂಚಿಕೆಯಲ್ಲಿ ಸಾಯಬೇಕಿತ್ತು. ಕಥೆಯ ಕೊನೆಯಲ್ಲಿ ಅವನ ಚೂರಿ ಅವನ ಎದೆಗೇ ನಾಟುತ್ತದೆ. ಇಂಥ ಖಳನನ್ನು ಕಳೆದುಕೊಳ್ಳುವುದು ನಷ್ಟವೆಂದು ಸಂಪಾದಕ ವಿಟ್ನಿ ಎಲ್ಸ್‌ವರ್ತ್ ತಡೆದರು. ಅವನು ಇನ್ನೂ ಬದುಕಿದ್ದಾನೆ ಎಂದು ತಿಳಿಸುವ ಒಂದು ಚೌಕವನ್ನು ಕೊನೆಯ ಗಳಿಗೆಯಲ್ಲಿ ಸೇರಿಸಲಾಯಿತು. ಜೋಕರ್‌ನ ಅಸಲಿ ಪರಾರಿ ಎಂದರೆ ಇದೇ. ಮುಂದಿನವೆಲ್ಲ ಇದರ ಪುನರಾವರ್ತನೆ.

1954ರಲ್ಲಿ ಎರಡನೆಯ ಗಂಟು ಬಿತ್ತು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು ಫ್ರೆಡ್ರಿಕ್ ವರ್ಥಮ್ ಆ ವರ್ಷ ಪುಸ್ತಕ ಬರೆದರು (ಅವರು ಮನೋವೈದ್ಯರೇ ಆಗಿದ್ದರೆಂಬುದು ಈ ಚರಿತ್ರೆಯ ಒಂದು ತಮಾಷೆ). ಎದ್ದ ಗದ್ದಲಕ್ಕೆ ಅಂಜಿದ ಪ್ರಕಾಶಕರು ತಾವೇ ಒಂದು ಸಂಹಿತೆ ಮಾಡಿಕೊಂಡರು. ಅದರ ಪ್ರಕಾರ ಪ್ರತಿ ಕಥೆಯಲ್ಲೂ ಒಳಿತು ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಬೇಕು. ಮಾರುಕಟ್ಟೆಗೆ ಬೇಕಾದದ್ದು ಅದೇ ಅಪರಾಧಿ ಮತ್ತೆ ಬರುವುದು. ಕೊಲ್ಲುವಂತಿಲ್ಲ, ಬಿಡುವಂತಿಲ್ಲ, ಹಿಡಿದಿಡುವಂತೆಯೂ ಇಲ್ಲ. ಈ ಇಕ್ಕಟ್ಟಿಗೆ ಹೊಂದುವ ಕಟ್ಟಡವೊಂದು ಯಾವತ್ತಾದರೂ ಹುಟ್ಟಲೇಬೇಕಿತ್ತು.

ಅದು ಸೆರೆಮನೆ ಆಗದೆ ಆಸ್ಪತ್ರೆ ಏಕಾಯಿತು? 1971ರಲ್ಲಿ ಸಂಹಿತೆ ಸಡಿಲವಾದ ಮೇಲೆ ಓನೀಲ್ ಮತ್ತು ಚಿತ್ರಕಾರ ನೀಲ್ ಆಡಮ್ಸ್ 1973ರ 251ನೇ ಸಂಚಿಕೆಯಲ್ಲಿ ಜೋಕರ್‌ನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಿದರು. ಅವನು ತಪ್ಪಿಸಿಕೊಂಡು ಬಂದದ್ದು ಸೆರೆಮನೆಯಿಂದಲ್ಲ, ಅಪರಾಧಿ ಮನೋರೋಗಿಗಳ ಆಸ್ಪತ್ರೆಯಿಂದ, ಅದಕ್ಕಿನ್ನೂ ಹೆಸರಿರಲಿಲ್ಲ. ಸರಣಿ ಕೊಲೆಗಾರ ಸೆರೆಮನೆ ಸೇರಿದರೆ ಮುಂದಿನ ಪ್ರಶ್ನೆ ಗಲ್ಲೋ, ಜೀವಾವಧಿಯೋ ಎಂಬುದು. ಎರಡರಲ್ಲಿ ಯಾವುದಾದರೂ ಕಥೆ ಅಲ್ಲಿಗೆ ನಿಂತಂತೆ. ಆಸ್ಪತ್ರೆಯ ವಾಸಕ್ಕೆ ಹಾಗೆ ಗೊತ್ತುಮಾಡಿದ ಕೊನೆಯಿಲ್ಲ, ನೇಣುಗಂಬದ ಹಂಗೂ ಇಲ್ಲ. ಲೇಖಕರಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಬೇರೆ ಇರಲಿಲ್ಲ.

ಕಾಲವೂ ಅದಕ್ಕೆ ಒದಗಿ ಬಂತು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಜನರಿದ್ದರು. ಅಲ್ಲಿಂದ ಆ ಸಂಖ್ಯೆ ಇಳಿಯತೊಡಗಿತು. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯಿದೆ, ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಂದ ಊರಿನ ಚಿಕಿತ್ಸಾ ಕೇಂದ್ರಗಳಿಗೆ ತರುವ ಗುರಿ ಇಟ್ಟುಕೊಂಡಿತ್ತು. ಹಳೆಯ ಆಸ್ಪತ್ರೆಗಳು ಖಾಲಿಯಾದವು, ಹೊಸ ಕೇಂದ್ರಗಳು ಸಾಕಷ್ಟು ಏಳಲಿಲ್ಲ. ಸುಳ್ಳು ರೋಗಿಗಳನ್ನು ಕಳಿಸಿ ವೈದ್ಯರನ್ನು ಪರೀಕ್ಷಿಸಿದೆನೆಂದು ಡೇವಿಡ್ ರೋಸೆನ್‌ಹಾನ್ 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಮನೋವೈದ್ಯಶಾಸ್ತ್ರದ ಮಾನ ಕಳೆಯಿತು. ಆ ಪ್ರಯೋಗದ ಪ್ರಾಮಾಣಿಕತೆಯನ್ನೇ ಸುಸಾನಾ ಕಹಾಲನ್ 2019ರಲ್ಲಿ ಪ್ರಶ್ನಿಸಿದರು. ಆದರೆ 1974ರ ಓದುಗನಿಗೆ ಅದು ಗೊತ್ತಿರಲಿಲ್ಲ. ಹುಚ್ಚಾಸ್ಪತ್ರೆ ಎಂದರೆ ಕೆಲಸಕ್ಕೆ ಬಾರದ ಜಾಗವೆಂದು ಅವನು ಆಗಲೇ ನಂಬಿದ್ದ. ಓನೀಲ್ ಅವನನ್ನು ಒಪ್ಪಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಆಸ್ಪತ್ರೆಯ ಹೆಸರು ಬಂದದ್ದು ಎಚ್. ಪಿ. ಲವ್‌ಕ್ರಾಫ್ಟ್‌ರ ಭಯಕಥೆಗಳಿಂದ. ಮ್ಯಾಸಚೂಸೆಟ್ಸ್‌ನಲ್ಲಿರುವಂತೆ ಅವರು ಕಲ್ಪಿಸಿದ ಆರ್ಕಮ್ ಊರಿನಲ್ಲಿ ಒಂದು ಹುಚ್ಚಾಸ್ಪತ್ರೆಯಿದೆ. 1937ರಲ್ಲಿ ಅಚ್ಚಾದ ಒಂದು ಕಥೆಯಲ್ಲಿ ಅದು ಮುಖ್ಯವಾಗಿ ಬರುತ್ತದೆ. ಅದೇ ರಾಜ್ಯದಲ್ಲಿ 1878ರಲ್ಲಿ ತೆರೆದ ಡ್ಯಾನ್‌ವರ್ಸ್ ಆಸ್ಪತ್ರೆಯ ಹೆಸರೂ ಅವರ ಬರಹಗಳಲ್ಲಿ ಸಿಗುತ್ತದೆ. ಓನೀಲ್ ಎರವಲು ತಂದದ್ದು ಹೆಸರನ್ನು ಮತ್ತು ಅದರ ಸುತ್ತಲಿನ ಮಬ್ಬನ್ನು ಮಾತ್ರ. ಆಡಳಿತ ಮಂಡಳಿ, ಬಜೆಟ್ಟು, ಪಾಳಿಯ ವೇಳಾಪಟ್ಟಿ ಯಾವುದನ್ನೂ ಅವರು ಯೋಚಿಸಿದಂತೆ ಕಾಣುವುದಿಲ್ಲ.

1975–76ರಲ್ಲಿ ಜೋಕರ್‌ಗೆ ಅವನದೇ ಪತ್ರಿಕೆ ಬಂತು. ಒಂಬತ್ತು ಸಂಚಿಕೆಗಳಲ್ಲಿ ನಿಂತಿತು. ಖಳನೇ ನಾಯಕನಾದ ಪತ್ರಿಕೆಯಲ್ಲೂ ಕೊನೆಗೆ ಅವನು ಸಿಕ್ಕಿಬೀಳಲೇಬೇಕೆಂಬ ಸಂಹಿತೆಯ ಕಟ್ಟು ತಪ್ಪಲಿಲ್ಲ. ಕೊನೆಯ ಪುಟದಲ್ಲಿ ಒಳಗೆ ಹೋದವನು ಮುಂದಿನ ಸಂಚಿಕೆಗೆ ಹೊರಗಿರಬೇಕು. ಆರ್ಕಮ್‌ನ ಆಡಳಿತ ವಿಧಾನ ಗಟ್ಟಿಯಾದದ್ದು ಇಲ್ಲೇ ಎಂದು ನನ್ನ ಅಭಿಪ್ರಾಯ.

1980ರ ದಶಕದಲ್ಲಿ ಓದುಗರು ಬೆಳೆದಿದ್ದರು, ಪ್ರಶ್ನೆ ಕೇಳುತ್ತಿದ್ದರು. ಉತ್ತರ ಕೊಡಲು ಬಂದವರಲ್ಲಿ ಫ್ರ್ಯಾಂಕ್ ಮಿಲ್ಲರ್ ಗದರಿದರು. ಅವರ 1986ರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ ಡಾ. ವೋಲ್ಪರ್ ಎಂಬ ಮನೋವೈದ್ಯ, ತಪ್ಪೆಲ್ಲ ಬ್ಯಾಟ್‌ಮ್ಯಾನ್‌ನದು, ಜೋಕರ್ ಗುಣಮುಖನಾಗಿದ್ದಾನೆ ಎಂದು ವಾದಿಸಿ ಅವನನ್ನು ದೂರದರ್ಶನದ ಮಾತುಕತೆಗೆ ಕರೆದೊಯ್ಯುತ್ತಾನೆ. ಸ್ಟುಡಿಯೋದಲ್ಲಿದ್ದವರೆಲ್ಲ ವಿಷಾನಿಲಕ್ಕೆ ಸಾಯುತ್ತಾರೆ. ವೈದ್ಯನೂ ಸಾಯುತ್ತಾನೆ. 1988ರ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಆಲನ್ ಮೂರ್ ಮತ್ತು ಬ್ರಯಾನ್ ಬೋಲಂಡ್ ತಣ್ಣಗೆ ಚುಚ್ಚಿದರು. ಮಳೆಯ ರಾತ್ರಿ ಬ್ಯಾಟ್‌ಮ್ಯಾನ್ ಆರ್ಕಮ್‌ಗೆ ಬಂದು ಜೋಕರ್‌ನ ಕೋಣೆಯಲ್ಲಿ ಅವನೆದುರು ಕೂತು ಮಾತಾಡುತ್ತಾನೆ. ಎದುರಿನವನು ಸುಮ್ಮನೆ ಇಸ್ಪೀಟು ಹಾಕುತ್ತಿದ್ದಾನೆ. ಸಿಟ್ಟಿಗೆದ್ದು ಅವನ ಕೈ ಹಿಡಿದರೆ ಬಿಳಿ ಬಣ್ಣ ಕೈಗವಸಿಗೆ ಅಂಟುತ್ತದೆ. ಕೂತಿದ್ದವನು ಬೇರೆ ಯಾರೋ, ಜೋಕರ್ ಹೊರಟುಹೋಗಿದ್ದಾನೆ. ಜಗತ್ತಿನ ಅತ್ಯಂತ ಅಪಾಯಕಾರಿ ರೋಗಿಯ ಮುಖ ತೊಳೆದಿದೆಯೇ ಎಂದು ನೋಡುವವರು ಆ ಆಸ್ಪತ್ರೆಯಲ್ಲಿ ಒಬ್ಬರೂ ಇರಲಿಲ್ಲ.

ಗ್ರ್ಯಾಂಟ್ ಮಾರಿಸನ್ ಮತ್ತು ಡೇವ್ ಮೆಕೀನ್ ಅವರ 1989ರ ‘ಆರ್ಕಮ್ ಅಸೈಲಮ್’ ಬೇರೆ ಮಟ್ಟದ ಕೃತಿ. ಸ್ಥಾಪಕ ಅಮೇಡಿಯಸ್ ಆರ್ಕಮ್‌ನ ವೃತ್ತಾಂತದ ಹಂದರವನ್ನು ಲೆನ್ ವೀನ್ 1985ರಲ್ಲಿ ಡಿಸಿಯ ಪಾತ್ರಕೋಶಕ್ಕೆ ಬರೆದಿದ್ದರು. ಮಾರಿಸನ್ ಅದಕ್ಕೆ ರಕ್ತಮಾಂಸ ತುಂಬಿದರು. ಅಮೇಡಿಯಸ್‌ನ ಹೆಂಡತಿ ಮಗಳನ್ನು ಕೊಂದ ಹಾಕಿನ್ಸ್ ಎಂಬ ಕೊಲೆಗಾರನಿಗೆ ಅಮೇಡಿಯಸ್ ತಿಂಗಳುಗಟ್ಟಲೆ ತಾನೇ ಚಿಕಿತ್ಸೆ ಕೊಡುತ್ತಾನೆ. ಆಮೇಲೆ ಒಂದು ದಿನ ವಿದ್ಯುತ್ ಚಿಕಿತ್ಸೆಯ ನೆಪದಲ್ಲಿ ಸುಟ್ಟು ಸಾಯಿಸುತ್ತಾನೆ. ಅದನ್ನು ಅಪಘಾತವೆಂದು ಎಲ್ಲರೂ ನಂಬುತ್ತಾರೆ. ಕೊನೆಗೆ ಅವನು ತಾನೇ ಕಟ್ಟಿದ ಆಸ್ಪತ್ರೆಯ ರೋಗಿಯಾಗಿ ಸಾಯುತ್ತಾನೆ.

ಆ ಪುಸ್ತಕದ ಅತ್ಯಂತ ಬೆಲೆಬಾಳುವ ಸಾಕ್ಷ್ಯ ಟೂ-ಫೇಸ್‌ನ ಚಿಕಿತ್ಸೆ. ಎರಡು ಮುಖದ ನಾಣ್ಯ ಚಿಮ್ಮದೆ ಅವನು ಏನನ್ನೂ ನಿರ್ಧರಿಸುವವನಲ್ಲ. ಡಾ. ರೂತ್ ಆಡಮ್ಸ್ ನಾಣ್ಯ ತೆಗೆದುಕೊಂಡು ದಾಳ ಕೊಟ್ಟಿದ್ದಾಳೆ: ಈಗ ಎರಡರ ಬದಲು ಆರು ಆಯ್ಕೆ. ಆಮೇಲೆ ದಾಳದ ಬದಲು ಟ್ಯಾರೋ ಎಲೆಗಳ ಕಟ್ಟು: 78 ಆಯ್ಕೆ. ಕಾಗದದ ಮೇಲೆ ಇದು ಪ್ರಗತಿ. ವಾಸ್ತವದಲ್ಲಿ ಅವನು ಶೌಚಕ್ಕೆ ಹೋಗಬೇಕೇ ಬೇಡವೇ ಎಂದು ನಿರ್ಧರಿಸಲಾಗದೆ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಾನೆ. ವೈದ್ಯೆಗೆ ದುರುದ್ದೇಶವಿಲ್ಲ, ಅವಳ ತರ್ಕದಲ್ಲಿ ದೋಷ ಹುಡುಕುವುದೂ ಸುಲಭವಲ್ಲ. ಚಿಕಿತ್ಸೆಯ ಹೆಸರಿನಲ್ಲಿ ಮನುಷ್ಯನೊಬ್ಬನಿಂದ ಉಳಿದ ಒಂದೇ ಊರುಗೋಲನ್ನೂ ಕಿತ್ತುಕೊಳ್ಳುವ ಸಂಸ್ಥೆಗಳ ಬಗ್ಗೆ ಇಷ್ಟು ಚುರುಕಾದ ಪುಟ ಕಾಮಿಕ್ಸ್‌ನಲ್ಲಿ ಮತ್ತೊಂದನ್ನು ನಾನು ಕಂಡಿಲ್ಲ. ಕೊನೆಯಲ್ಲಿ ಬ್ಯಾಟ್‌ಮ್ಯಾನ್ ನಾಣ್ಯ ಹಿಂದಿರುಗಿಸುತ್ತಾನೆ. ಬ್ಯಾಟ್‌ಮ್ಯಾನ್ ಸಾಯಬೇಕೋ ಬದುಕಬೇಕೋ ಎಂದು ಚಿಮ್ಮಿದಾಗ ಅದು ಸಾವಿನ ಕಡೆ ಬೀಳುತ್ತದೆ. ಟೂ-ಫೇಸ್ ಅದನ್ನು ಲೆಕ್ಕಿಸದೆ ಅವನನ್ನು ಹೋಗಲು ಬಿಡುತ್ತಾನೆ. ಇಡೀ ಪುಸ್ತಕದಲ್ಲಿ ಸ್ವಂತ ಬುದ್ಧಿಯಿಂದ ನಿರ್ಧಾರ ತೆಗೆದುಕೊಂಡ ರೋಗಿ ಅವನೊಬ್ಬನೇ. ರೋಗಿಗಳನ್ನು ಬಿಡುಗಡೆ ಮಾಡಿ ಗಲಭೆ ಎಬ್ಬಿಸಿದವನು ಆಡಳಿತಾಧಿಕಾರಿ ಕ್ಯಾವೆಂಡಿಷ್ ಎಂಬುದೂ ಅಷ್ಟರಲ್ಲಿ ಬಯಲಾಗಿರುತ್ತದೆ.

ಬೇಲಿಯೇ ಎದ್ದು ಹೊಲ ಮೇಯುವ ಈ ಪದ್ಧತಿ ಮುಂದೆ ನಿಯಮವೇ ಆಯಿತು. 1992ರಲ್ಲಿ ಆಲನ್ ಗ್ರ್ಯಾಂಟ್ ಮತ್ತು ನಾರ್ಮ್ ಬ್ರೇಫೋಗಲ್ ಸೃಷ್ಟಿಸಿದ ಜೆರಮಾಯ ಆರ್ಕಮ್, ಅಮೇಡಿಯಸ್‌ನ ಸಂಬಂಧಿ. ಹಳೆಯ ಕಟ್ಟಡ ಕೆಡವಿಸಿ ಭದ್ರವಾದ ಹೊಸದನ್ನು ಕಟ್ಟಿಸಿದ. ಜ್ಸಾಸ್ ಎಂಬ ಕೊಲೆಗಾರ ಅದರಿಂದಲೂ ಗುಟ್ಟಾಗಿ ಹೊರಗೆ ಹೋಗಿಬರುತ್ತಿದ್ದ. ಮರುವರ್ಷ ಬೇನ್ ಎಂಬ ಖಳ ಬಂದು ಗೋಡೆಯನ್ನೇ ಸ್ಫೋಟಿಸಿ ಎಲ್ಲರನ್ನೂ ಹೊರಗೆ ಬಿಟ್ಟ. ಇಷ್ಟಾದರೂ ಜೆರಮಾಯನ ಕುರ್ಚಿ ಅಲುಗಲಿಲ್ಲ. 2010ರ ಹೊತ್ತಿಗೆ ಅವನೇ ಬ್ಲ್ಯಾಕ್ ಮಾಸ್ಕ್ ಎಂಬ ಖಳನೆಂದು ಗೊತ್ತಾಗುತ್ತದೆ. ಕ್ರಿಸ್ಟಫರ್ ನೋಲನ್‌ರ 2005ರ ಚಿತ್ರದಲ್ಲಿ ಆರ್ಕಮ್ ನಡೆಸುವ ಡಾ. ಕ್ರೇನ್ ಅದರ ಕೊಳವೆಗಳ ಮೂಲಕವೇ ನಗರದ ನೀರಿಗೆ ವಿಷ ಬೆರೆಸುತ್ತಾನೆ. 2009ರ ವಿಡಿಯೋ ಆಟದಲ್ಲಿ ವಾರ್ಡನ್ ಕ್ವಿನ್ಸಿ ಶಾರ್ಪ್ ತನ್ನ ಕಚೇರಿಯ ಪಕ್ಕದ ಗುಪ್ತ ಕೋಣೆಯಲ್ಲಿ ನಗರದ ಒಂದು ಭಾಗವನ್ನೇ ಸೆರೆಮನೆ ಮಾಡುವ ನಕ್ಷೆ ಇಟ್ಟುಕೊಂಡಿರುತ್ತಾನೆ. ತಯಾರಕರು ತಾವೇ ಹೇಳುವವರೆಗೆ ಆ ಕೋಣೆ ಆಟಗಾರರಿಗೂ ಸಿಗಲಿಲ್ಲ.

ಸಿಬ್ಬಂದಿಯ ವಿಷಯದಲ್ಲಿ 1990ರ ದಶಕದ ಆನಿಮೇಷನ್ ಸರಣಿಯೂ ಅದರ ಬಳಗದ ಪುಸ್ತಕಗಳೂ ಹೆಚ್ಚು ಹೇಳುತ್ತವೆ. ಪಾಲ್ ಡಿನಿ ಮತ್ತು ಬ್ರೂಸ್ ಟಿಮ್ ಅವರ 1994ರ ‘ಮ್ಯಾಡ್ ಲವ್’ನಲ್ಲಿ ಹೊಸದಾಗಿ ಸೇರಿದ ವೈದ್ಯೆ ಹಾರ್ಲೀನ್ ಕ್ವಿನ್ಜೆಲ್ ತನ್ನ ಕಚೇರಿಗೆ ಬಂದರೆ ಮೇಜಿನ ಮೇಲೆ ಗುಲಾಬಿ, ಜೊತೆಗೆ ಜೋಕರ್‌ನ ಚೀಟಿ. ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಿದರೆ, ತಾನೇ ಇಟ್ಟದ್ದೆಂದು ಅವನು ಸರಾಗವಾಗಿ ಒಪ್ಪಿಕೊಳ್ಳುತ್ತಾನೆ. ಅವನು ಕೋಣೆಯಿಂದ ಹೊರಬಂದು, ಹೂ ಇಟ್ಟು, ಮತ್ತೆ ಒಳಗೆ ಹೋಗಿ ಕೂತಿದ್ದಾನೆ! ವೈದ್ಯೆ ಕಾವಲುಗಾರರಿಗೆ ತಿಳಿಸುವುದಿಲ್ಲ. ಮುಂದೆ ಅವನ ಪ್ರೇಯಸಿ ಹಾರ್ಲಿ ಕ್ವಿನ್ ಆಗುತ್ತಾಳೆ. ಅದೇ 1994ರ ‘ಲಾಕ್-ಅಪ್’ ಕಂತಿನಲ್ಲಿ ಭದ್ರತಾ ಮುಖ್ಯಸ್ಥ ಲೈಲ್ ಬೋಲ್ಟನ್ ನಿಜವಾಗಿ ಬೀಗ ಹಾಕಿಸುತ್ತಾನೆ, ಆದರೆ ರೋಗಿಗಳನ್ನು ಹಿಂಸಿಸುತ್ತಾನೆ. ಹೆದರಿಸುವುದೇ ಕಸುಬಾದ ಸ್ಕೇರ್‌ಕ್ರೋ ಅವನಿಗೆ ಹೆದರಿ ಓಡಿಹೋಗುತ್ತಾನೆ. ಬೋಲ್ಟನ್‌ಗೆ ಕೆಲಸ ಹೋಗುತ್ತದೆ, ಅವನೂ ಖಳನಾಗುತ್ತಾನೆ, ಕೊನೆಗೆ ಆರ್ಕಮ್‌ನ ಕೋಣೆಯನ್ನೇ ಸೇರುತ್ತಾನೆ. ಕಾವಲು ಬಿಗಿಯಾದರೆ ಕ್ರೌರ್ಯ, ಸಡಿಲವಾದರೆ ಪರಾರಿ. ನಡುವಿನ ದಾರಿ ಈ ಜಗತ್ತಿನಲ್ಲಿ ಇಲ್ಲವೇ ಇಲ್ಲ.

ನಿಜವಾದ ಸಂಸ್ಥೆಗಳ ಜೊತೆ ಹೋಲಿಸಿದರೆ ಇದು ಎಷ್ಟು ಕೃತಕವೆಂದು ತಿಳಿಯುತ್ತದೆ. ಇಂಗ್ಲೆಂಡಿನ ಬ್ರಾಡ್‌ಮೂರ್ 1863ರಿಂದ ಇಂಥದೇ ರೋಗಿಗಳನ್ನು ಇಟ್ಟುಕೊಂಡಿದೆ. 1952ರಲ್ಲಿ ಜಾನ್ ಸ್ಟ್ರಾಫನ್ ಗೋಡೆ ಹಾರಿ ಹೋದ. ಕೆಲವೇ ಗಂಟೆಗಳಲ್ಲಿ ಸಿಕ್ಕಿದ, ಅಷ್ಟರೊಳಗೆ ಒಂದು ಮಗುವಿನ ಜೀವ ಹೋಗಿತ್ತು. ಆ ಒಂದು ಪರಾರಿಯ ನಂತರ ಸುತ್ತಲಿನ ಊರುಗಳಿಗೆ ಕೇಳುವಂತೆ ಸೈರನ್‌ಗಳು ಬಂದವು. ದಶಕಗಳ ಕಾಲ ಪ್ರತಿ ಸೋಮವಾರ ಬೆಳಿಗ್ಗೆ 10 ಗಂಟೆಗೆ ಅವುಗಳ ಪರೀಕ್ಷೆ ನಡೆಯಿತು. ಇನ್ನು ಅಮೆರಿಕದಲ್ಲಿ 1966ರ ಬ್ಯಾಕ್ಸ್‌ಟ್ರಮ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ನ್ಯೂಯಾರ್ಕ್‌ನ ಅಪರಾಧಿ ಮನೋರೋಗಿಗಳ ಆಸ್ಪತ್ರೆಗಳಿಂದ 967 ಜನರನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಅನಾಹುತವಾಗುತ್ತದೆಂದು ಹೆದರಿದವರಿದ್ದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹಿಂಸೆಗಿಳಿದವರು ಬಹಳ ಕಡಿಮೆ ಎಂದು ಅಧ್ಯಯನಗಳು ತೋರಿಸಿದವು. ಅಪರಾಧಿ ಮನೋರೋಗಿಗಳನ್ನು ಹೊರಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆರ್ಕಮ್ ಹುಟ್ಟುವ ಮೊದಲೇ ಉತ್ತರ ಸಿಗತೊಡಗಿತ್ತು.

ಕಾನೂನಿನ ಪ್ರಶ್ನೆಯನ್ನು ಡ್ಯಾನ್ ಸ್ಲಾಟ್ 2003ರ ‘ಲಿವಿಂಗ್ ಹೆಲ್’ನಲ್ಲಿ ಚೆನ್ನಾಗಿ ಕೆಣಕಿದರು. ಕೋಟಿಗಟ್ಟಲೆ ನುಂಗಿದ ವಾರನ್ ವೈಟ್ ಜೈಲು ತಪ್ಪಿಸಿಕೊಳ್ಳಲು ಹುಚ್ಚನೆಂದು ವಾದಿಸಿ ಗೆದ್ದು ಆರ್ಕಮ್‌ಗೆ ಬಿದ್ದು ಅಲ್ಲಿ ನಿಜವಾಗಿಯೇ ರಾಕ್ಷಸನಾಗುತ್ತಾನೆ. ಅಮೆರಿಕದ ಗಂಭೀರ ಅಪರಾಧ ಮೊಕದ್ದಮೆಗಳಲ್ಲಿ ಈ ವಾದ ಹೂಡುವವರು ನೂರಕ್ಕೆ ಒಬ್ಬರೂ ಇಲ್ಲ, ಗೆಲ್ಲುವವರು ಅದರಲ್ಲಿ ಸುಮಾರು ಕಾಲುಭಾಗ. ತಾನು ಮಾಡುತ್ತಿರುವುದು ತಪ್ಪೆಂದು ಚೆನ್ನಾಗಿ ಗೊತ್ತಿರುವ ಜೋಕರ್‌ಗೆ ಆ ರಕ್ಷಣೆ ಸಿಗುವುದೇ ಅನುಮಾನ. ಅಮೆರಿಕದ ಮೂವರು ಮನೋವೈದ್ಯರು 2011ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ, ಬ್ಯಾಟ್‌ಮ್ಯಾನ್ ಕಥೆಗಳು ಮನೋರೋಗವನ್ನೂ ಕ್ರೌರ್ಯವನ್ನೂ ಒಂದೇ ಮಾಡಿಬಿಡುತ್ತಿವೆ ಎಂದು ಆಕ್ಷೇಪಿಸಿದ್ದರು.

ಆಕ್ಷೇಪದಿಂದ ಆಡಳಿತವೇನೂ ಸುಧಾರಿಸಲಿಲ್ಲ. 2021ರಲ್ಲಿ ವಿಷಾನಿಲದ ದಾಳಿಯಲ್ಲಿ ಆರ್ಕಮ್‌ನ ರೋಗಿಗಳೂ ಸಿಬ್ಬಂದಿಯೂ ಬಹುಪಾಲು ಸತ್ತರು. 2022ರಲ್ಲಿ ಮರಿಕೊ ಟಮಾಕಿ ಬರೆದ ಕಥೆಯಲ್ಲಿ ಅದರ ಬದಲಿಗೆ ನಗರದ ನಡುವೆ ಹೊಳೆಯುವ ಗೋಪುರವೊಂದು ಎದ್ದಿತು. ಅದರ ಮುಖ್ಯಸ್ಥ ಡಾ. ವೇರ್‌ನ ಚಿಕಿತ್ಸೆ ಪವಾಡದಂತೆ ಕಂಡಿತು. ಸೈಕೋ-ಪೈರೇಟ್ ಎಂಬ ಖಳನನ್ನು ಒಳಗೆ ಬಚ್ಚಿಟ್ಟು, ಅವನ ಶಕ್ತಿಯಿಂದ ರೋಗಿಗಳ ಭಾವನೆಗಳನ್ನು ಹತೋಟಿಯಲ್ಲಿ ಇಟ್ಟದ್ದೇ ಆ ಪವಾಡ. ಕೆಲವೇ ವಾರಗಳಲ್ಲಿ ಗೋಪುರ ರೋಗಿಗಳ ಕೈಗೆ ಹೋಯಿತು. ಕಟ್ಟಡ ಬದಲಾದರೂ, ವಂಶ ಬದಲಾದರೂ, ವೈದ್ಯ ಬದಲಾದರೂ ಫಲಿತಾಂಶ ಒಂದೇ ಆಗಿದ್ದರೆ ದೋಷವನ್ನು ಕಟ್ಟಡದಲ್ಲೋ ವಂಶದಲ್ಲೋ ಹುಡುಕುವುದು ವ್ಯರ್ಥ. 1940ರಲ್ಲಿ ಜೋಕರ್‌ನನ್ನು ಬದುಕಿಸಿದ ಆ ಒಂದು ಚೌಕದ ಆಜ್ಞೆ ಇನ್ನೂ ಜಾರಿಯಲ್ಲಿದೆ. ಈ ಎಲ್ಲ ಪರಾರಿಗಳ ಹೊಣೆ ಪ್ರಕಾಶಕರದು, ಮನೋರೋಗಿಗಳದ್ದಲ್ಲ.